ರಾತ್ರಿ ರೆಕಾರ್ಡಿಂಗ್‌ಗೆ ಸದ್ದಿಲ್ಲದ ಕಂಪ್ಯೂಟರ್: ಕ್ಯಾಬಿನೆಟ್ ಯಾವುದು, ಕೂಲರ್ ಯಾವುದು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಹಗಲು ವಿಡಿಯೊ ಎಡಿಟಿಂಗ್ ಮಾಡುತ್ತೇನೆ, ರಾತ್ರಿ ಅದೇ ಕೋಣೆಯಲ್ಲಿ ಕಥೆ ಓದಿ ರೆಕಾರ್ಡ್ ಮಾಡುತ್ತೇನೆ. ಹೊಸ ಡೆಸ್ಕ್‌ಟಾಪ್‌ಗೆ ರೈಜನ್ 7 9700ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡ್ ಎಂದು ತೀರ್ಮಾನವಾಗಿದೆ. ಅಂಗಡಿಯವರು ಮುಂದೆ ಗಾಜಿರುವ, ಆರು ಬಣ್ಣದ ಫ್ಯಾನಿನ ಕ್ಯಾಬಿನೆಟ್ ಮತ್ತು 240 ಎಂಎಂ ಲಿಕ್ವಿಡ್ ಕೂಲರ್ ಹಾಕಿಸಿ ಅನ್ನುತ್ತಾರೆ. ಸ್ನೇಹಿತರೊಬ್ಬರು ಒಳಗೆ ಫೋಮ್ ಹಚ್ಚಿದ, ಎಲ್ಲ ಕಡೆ ಮುಚ್ಚಿದ ಕ್ಯಾಬಿನೆಟ್ ಒಳ್ಳೆಯದು ಅನ್ನುತ್ತಾರೆ. ಮೈಕ್‌ಗೆ ಸದ್ದು ಬೀಳಬಾರದು, ಮಳೆಗಾಲದ ಶೀತಕ್ಕೂ ತಡೆಯಬೇಕು. ಕ್ಯಾಬಿನೆಟ್, ಕೂಲರ್, ಫ್ಯಾನ್ ಎಲ್ಲ ಸೇರಿ 15 ಸಾವಿರ ರೂಪಾಯಿ ಇಟ್ಟುಕೊಂಡಿದ್ದೇನೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನಿಮಗೆ ಬೇಕಿರುವುದು ಮುಂಭಾಗ ಪೂರ್ತಿ ಜಾಲರಿಯಿರುವ ಕ್ಯಾಬಿನೆಟ್, ಅದರಲ್ಲಿ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್‌ಗಳು, ಪ್ರೊಸೆಸರ್ ಮೇಲೆ ಎರಡು ಗೋಪುರದ (ಲೋಹದ ಎಲೆಗಳ ಎರಡು ಕಟ್ಟಿರುವ) ಏರ್ ಕೂಲರ್. ಹುಟ್ಟಿದ ಸದ್ದನ್ನು ಪೆಟ್ಟಿಗೆಯೊಳಗೆ ಮುಚ್ಚಿಡುವುದಕ್ಕಿಂತ ಸದ್ದು ಹುಟ್ಟದಂತೆ ನೋಡಿಕೊಳ್ಳುವುದು ಅಗ್ಗ, ಸುಲಭ.

ಕಾರಣ ಫ್ಯಾನಿನ ಲೆಕ್ಕದಲ್ಲಿದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಅದು ತಳ್ಳುವ ಗಾಳಿಯೂ ಸುಮಾರು ಇಮ್ಮಡಿಯಾಗುತ್ತದೆ, ಆದರೆ ಸದ್ದು 15 ಡೆಸಿಬೆಲ್‌ನಷ್ಟು ಏರುತ್ತದೆ. ವೇಗ ಏರಿಸದೆ ಅಂಥದ್ದೇ ಇನ್ನೊಂದು ಫ್ಯಾನ್ ಸೇರಿಸಿದರೆ ಸದ್ದು ಏರುವುದು ಬರೀ 3 ಡೆಸಿಬೆಲ್. 10 ಡೆಸಿಬೆಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸುತ್ತದೆ. ಹಾಗಾಗಿ ಒಂದು ಫ್ಯಾನ್ ನಿಮಿಷಕ್ಕೆ 1,600 ಸುತ್ತಿನಲ್ಲಿ ಓಡುವ ಬದಲು ಎರಡು ಫ್ಯಾನ್ 800 ಸುತ್ತಿನಲ್ಲಿ ಓಡಿದರೆ ಗಾಳಿ ಅಷ್ಟೇ ಬಂದು ಸದ್ದು 12 ಡೆಸಿಬೆಲ್ ಇಳಿಯುತ್ತದೆ. 120 ಎಂಎಂ ಬದಲು 140 ಎಂಎಂ ಫ್ಯಾನ್ ಹಾಕಿದರೆ ಅದರ ಬಾಯಿಯ ವಿಸ್ತೀರ್ಣ ಶೇ 36ರಷ್ಟು ಹೆಚ್ಚು, ಅಂದರೆ ವೇಗವನ್ನು ಇನ್ನಷ್ಟು ಇಳಿಸಬಹುದು.

ಈಗ ಮುಂದೆ ಗಾಜಿರುವ ಕ್ಯಾಬಿನೆಟ್ ನೋಡಿ. ಗಾಜಿನ ಹಿಂದೆ ಫ್ಯಾನ್ ಕೂತಿರುತ್ತದೆ, ಗಾಳಿ ಬರಬೇಕಾದದ್ದು ಪಕ್ಕದ ಒಂದೆರಡು ಬೆರಳಗಲದ ಸೀಳಿನಿಂದ. ಫ್ಯಾನ್ ಎಷ್ಟೇ ಇದ್ದರೂ ಗಾಳಿಗೆ ದಾರಿಯಿಲ್ಲ. ಒಳಗಿನ ಬಿಸಿ ಏರುತ್ತದೆ, ಮದರ್‌ಬೋರ್ಡ್ ಎಲ್ಲ ಫ್ಯಾನ್‌ಗಳನ್ನೂ ಓಡಿಸುತ್ತದೆ. ಫೋಮ್ ಹಚ್ಚಿದ ಮುಚ್ಚಿದ ಕ್ಯಾಬಿನೆಟ್‌ದೂ ಇದೇ ತೊಂದರೆ, ಇಷ್ಟು ತೀವ್ರವಾಗಿ ಅಲ್ಲ ಅಷ್ಟೆ. ಹಾರ್ಡ್‌ಡಿಸ್ಕ್‌ಗಳು ಕಟಕಟ ಅನ್ನುತ್ತಿದ್ದ ಕಾಲಕ್ಕೆ ಅದು ಸರಿಯಾದ ಪರಿಹಾರವಾಗಿತ್ತು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಇರುವ ಈಗಿನ ಯಂತ್ರದಲ್ಲಿ ಮುಚ್ಚಿಡಬೇಕಾದ ಸದ್ದೇ ಕಡಿಮೆ. ಗಾಳಿ ಬಿಡಲು ತೆರೆದ ಬಾಯಿಯಿಂದ ಸದ್ದೂ ಹೊರಬರುತ್ತದೆ, ಫೋಮ್ ಅದನ್ನು ತಡೆಯಲಾರದು.

ನಿಮ್ಮ ಯಂತ್ರ ಎಷ್ಟು ಬಿಸಿ ಹೊರಹಾಕುತ್ತದೆ? 9700ಎಕ್ಸ್‌ಗೆ 65 ವ್ಯಾಟ್ ಎಂದು ಬರೆದಿದ್ದರೂ ಪೂರ್ತಿ ಹೊರೆ ಬಿದ್ದಾಗ ಮದರ್‌ಬೋರ್ಡಿನ ಸಾಕೆಟ್‌ನಿಂದ 88 ವ್ಯಾಟ್‌ವರೆಗೆ ಎಳೆಯುತ್ತದೆ. ಗ್ರಾಫಿಕ್ಸ್ ಕಾರ್ಡ್ 180 ವ್ಯಾಟ್. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ ಸೇರಿಸಿದರೆ ಒಟ್ಟು 300 ವ್ಯಾಟ್ ಅಂದುಕೊಳ್ಳಿ. ಹೊರಗೆ ಹೋಗುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟೇ ಬಿಸಿಯಾಗಿರಬೇಕಾದರೆ ನಿಮಿಷಕ್ಕೆ ಸುಮಾರು 60 ಘನ ಅಡಿ ಗಾಳಿ ಹಾಯಬೇಕು. ಸಮುದ್ರ ಮಟ್ಟದ ಊರಿಗಾದರೆ ಇನ್ನು ಕಡಿಮೆ ಸಾಕಿತ್ತು. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿ ಶೇ 10ರಷ್ಟು ತೆಳು, ಅಷ್ಟೇ ಪ್ರಮಾಣದ ಗಾಳಿ ಅಷ್ಟು ಬಿಸಿಯನ್ನು ಹೊತ್ತೊಯ್ಯುವುದಿಲ್ಲ. ಹಾಸನದವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಒಂದೆರಡು ಡಿಗ್ರಿ ವ್ಯತ್ಯಾಸದ ವಿಷಯ, ಹೆದರಬೇಕಿಲ್ಲ. ನಮ್ಮ ಕೋಣೆಗಳು ಬಯಲುಸೀಮೆಯಷ್ಟು ಕಾಯುವುದಿಲ್ಲವಾದ್ದರಿಂದ ಒಟ್ಟಾರೆ ನಾವು ಲಾಭದಲ್ಲೇ ಇದ್ದೇವೆ.

60 ಘನ ಅಡಿ ಅಂದರೆ ಎರಡು 140 ಎಂಎಂ ಫ್ಯಾನ್‌ಗಳು ಗಂಟಲು ಬಿಗಿಯದ ಕ್ಯಾಬಿನೆಟ್‌ನಲ್ಲಿ 900 ಸುತ್ತಿನ ಆಸುಪಾಸಿನಲ್ಲಿ ಮುಗಿಸುವ ಕೆಲಸ. ಅದೂ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಏಕಕಾಲಕ್ಕೆ ಪೂರ್ತಿ ದುಡಿದಾಗ. ನೀವು ರೆಕಾರ್ಡ್ ಮಾಡುವಾಗ ಯಂತ್ರ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ, ಆಗ 400–500 ಸುತ್ತು ಸಾಕು.

ಕ್ಯಾಬಿನೆಟ್‌ಗಳಲ್ಲಿ ನಿಮ್ಮ ಕೆಲಸಕ್ಕೆ ಹೊಂದುವುದು ಲಿಯಾನ್ ಲಿ ಲ್ಯಾನ್‌ಕೂಲ್ 216. ಮುಂದೆ ಎರಡು 160 ಎಂಎಂ, ಹಿಂದೆ ಒಂದು 140 ಎಂಎಂ ಫ್ಯಾನ್ ಅದರ ಜೊತೆಗೇ ಬರುತ್ತವೆ, ಬೇರೆ ಕೊಳ್ಳಬೇಕಿಲ್ಲ. 180 ಎಂಎಂ ಎತ್ತರದ ಕೂಲರ್‌ವರೆಗೆ ಹಿಡಿಸುತ್ತದೆ. ಅದು ಸಿಗದಿದ್ದರೆ ಕೋರ್ಸೇರ್ 4000ಡಿ ಏರ್‌ಫ್ಲೋ ನೋಡಿ, ಕೂಲರ್‌ಗೆ 170 ಎಂಎಂ, ಕಾರ್ಡಿಗೆ 360 ಎಂಎಂ ಜಾಗವಿದೆ. ಅದರಲ್ಲಿ ಬರುವ 120 ಎಂಎಂ ಫ್ಯಾನ್ ತೆಗೆದು ಮುಂದೆ ಎರಡು ಆರ್ಕ್‌ಟಿಕ್ ಪಿ14 ಪಿಡಬ್ಲ್ಯೂಎಂ ಹಾಕಿಸಿ. ಹೆಸರಿಲ್ಲದ ಕ್ಯಾಬಿನೆಟ್ ಕೊಳ್ಳುವುದಾದರೆ ಮೂರು ಪರೀಕ್ಷೆ ಸಾಕು. ಮುಂಭಾಗದ ಜಾಲರಿಯನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಬೇಕು. ಪಕ್ಕದ ತಗಡನ್ನು ಬೆರಳಿನಿಂದ ತಟ್ಟಿದರೆ ಡಬ್ಬದಂತೆ ಮೊಳಗಬಾರದು. ಹಿಂದಿನ ಫ್ಯಾನಿನ ಜಾಗದಲ್ಲಿ ತಗಡಿಗೇ ಕೊರೆದ ಸಣ್ಣ ತೂತುಗಳಿದ್ದರೆ ಬಿಟ್ಟುಬಿಡಿ, ಆ ತೂತುಗಳ ಅಂಚಿಗೆ ಗಾಳಿ ಉಜ್ಜಿ ಸುಂಯ್‌ಗುಡುತ್ತದೆ.

ಬಜೆಟ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಕ್ಯಾಬಿನೆಟ್‌ಗೆ, ಕಾಲು ಭಾಗ ಕೂಲರ್‌ಗೆ, ಮಿಕ್ಕಿದ್ದು ಫ್ಯಾನ್ ಸ್ಪ್ಲಿಟರ್, ಉದ್ದನೆಯ ಕೇಬಲ್‌ಗಳಿಗೆ ಎಂದು ಹಂಚಿಕೊಳ್ಳಿ. ಆರು ಬಣ್ಣದ ಫ್ಯಾನ್‌ಗಳ ದುಡ್ಡು ಇಲ್ಲೇ ಉಳಿಯಿತು. ಅಂಥ ಅಗ್ಗದ ಫ್ಯಾನ್‌ಗಳಲ್ಲಿ ಬಹಳಷ್ಟಕ್ಕೆ ವೇಗ ಇಳಿಸುವ ವ್ಯವಸ್ಥೆಯೇ ಇರುವುದಿಲ್ಲ, ನೇರ ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಪೆಟ್ಟಿಗೆಗೆ) ಸಿಕ್ಕಿಸಿದಾಗ ಸದಾ ಒಂದೇ ವೇಗ.

ಲಿಕ್ವಿಡ್ ಕೂಲರ್ ಏಕೆ ಬೇಡ ಅನ್ನುವುದಕ್ಕೆ ನಿಮ್ಮ ಮಟ್ಟಿಗೆ ಮುಖ್ಯ ಕಾರಣ ಪಂಪ್. ಹೊರೆ ಇಲ್ಲದಾಗ ಫ್ಯಾನ್‌ಗಳು ಸುಮ್ಮನಾದರೂ ಪಂಪ್ ನಿಲ್ಲುವಂತಿಲ್ಲ, ಅದರ ಸಣ್ಣ ಗುಂಯ್ ಇದ್ದೇ ಇರುತ್ತದೆ. ನೀವು ಮೈಕ್ ಮುಂದೆ ಕೂರುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ವರ್ಷಗಳು ಕಳೆದಂತೆ ರಬ್ಬರ್ ನಾಳದ ಮೂಲಕ ದ್ರವ ಒಂದಿಷ್ಟು ಆವಿಯಾಗುತ್ತದೆ, ಗಾಳಿಗುಳ್ಳೆ ಪಂಪಿಗೆ ಬಂದು ಕೂತರೆ ಗೊಳಗೊಳ ಸದ್ದು ಶುರು. ಪಂಪ್ ಹೋದರೆ ಇಡೀ ಕೂಲರ್ ಬದಲಿಸಬೇಕು, ಏರ್ ಕೂಲರ್‌ನಲ್ಲಿ ಫ್ಯಾನ್ ಒಂದನ್ನು ಬದಲಿಸಿದರೆ ಮುಗಿಯಿತು. 250 ವ್ಯಾಟ್ ಕುಡಿಯುವ ಪ್ರೊಸೆಸರ್ ಇದ್ದಿದ್ದರೆ ಮಾತು ಬೇರೆ. 88 ವ್ಯಾಟ್‌ಗೆ ನೀರು ಹರಿಸುವ ಅಗತ್ಯವಿಲ್ಲ.

9700ಎಕ್ಸ್ ಡಬ್ಬದಲ್ಲಿ ಕೂಲರ್ ಬರುವುದಿಲ್ಲ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ತೆಗೆದುಕೊಳ್ಳಿ. ಎತ್ತರ 155 ಎಂಎಂ, ಬಿಸಿ ಸಾಗಿಸುವ ಆರು ಕೊಳವೆ (ಹೀಟ್‌ಪೈಪ್), ಎರಡು 120 ಎಂಎಂ ಫ್ಯಾನ್. ಈ ಪ್ರೊಸೆಸರ್‌ಗೆ ಇದು ಬೇಕಾದ್ದಕ್ಕಿಂತ ದೊಡ್ಡದು, ದೊಡ್ಡದಾಗಿರುವುದೇ ಉದ್ದೇಶ. ಫ್ಯಾನ್‌ಗಳನ್ನು 700–800 ಸುತ್ತಿಗೆ ಕಟ್ಟಿಹಾಕಿದರೂ ರೆಂಡರ್ ಮಾಡುವಾಗ ಪ್ರೊಸೆಸರ್ 70–75 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರ ಮಿತಿ 95 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಹೆಂಚು ಕಾದಾಗ ಇನ್ನೈದು ಡಿಗ್ರಿ ಏರಿದರೂ ತೊಂದರೆಯಿಲ್ಲ. ರ‍್ಯಾಮ್ ಕೊಳ್ಳುವಾಗ ತಲೆಯ ಮೇಲೆ ದೀಪದ ಪಟ್ಟಿ ಇರುವ ಎತ್ತರದ್ದು ಬೇಡ. ಕೂಲರಿನ ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಬರುತ್ತದೆ, ರ‍್ಯಾಮ್ ಎತ್ತರವಾದರೆ ಫ್ಯಾನನ್ನು ಮೇಲೆ ಸರಿಸಬೇಕಾಗಿ ಪಕ್ಕದ ಬಾಗಿಲು ಕೂರದೆ ಹೋಗಬಹುದು.

ಕೂರಿಸುವ ಕ್ರಮ ಹೀಗೆ. ಸಾಕೆಟ್‌ನ ಎರಡೂ ಬದಿಯ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ನಾಲ್ಕು ಸ್ಕ್ರೂ ಬಿಚ್ಚಿ. ಹಿಂದಿನ ಲೋಹದ ಪ್ಲೇಟ್ ಹಾಗೇ ಇರಲಿ, ಕೂಲರಿನ ಕಾಲುಗಳು ಅದಕ್ಕೇ ಕೂರುತ್ತವೆ. ಕೂಲರಿನ ತಳದ ರಕ್ಷಣಾ ಹಾಳೆ ಕಿತ್ತಿದ್ದೀರಾ ಎಂದು ಎರಡು ಸಲ ನೋಡಿ, "ಹೊಸ ಕಂಪ್ಯೂಟರ್ 95 ಡಿಗ್ರಿ ತೋರಿಸುತ್ತಿದೆ" ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇದೇ ಹಾಳೆ ಇರುತ್ತದೆ. ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಪ್ರೊಸೆಸರಿನ ನಡುವೆ ಬಟಾಣಿ ಕಾಳಿನಷ್ಟು ಸಾಕು. ಎರಡು ಗೋಪುರಗಳ ನಡುವಿನ ಫ್ಯಾನ್ ತೆಗೆದಿಟ್ಟು, ಎರಡು ಸ್ಪ್ರಿಂಗ್ ಸ್ಕ್ರೂಗಳನ್ನು ಒಂದಕ್ಕೆ ಎರಡು ಸುತ್ತು, ಇನ್ನೊಂದಕ್ಕೆ ಎರಡು ಸುತ್ತು ಎಂದು ಅದಲುಬದಲು ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ತಳ ವಾಲುತ್ತದೆ, ಪೇಸ್ಟ್ ಒಂದು ಬದಿಗೆ ಹೋಗುತ್ತದೆ. ಫ್ಯಾನಿನ ಕಂಬಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ, ಆ ಬದಿ ಕ್ಯಾಬಿನೆಟ್‌ನ ಹಿಂಭಾಗಕ್ಕೆ ಮುಖ ಮಾಡಿರಬೇಕು. ಮೇಲಿನ ಚಾವಣಿಯಲ್ಲಿ ಫ್ಯಾನ್ ಹಾಕಬೇಡಿ. ಮುಂಬದಿಯ ಚಾವಣಿ ಫ್ಯಾನ್ ಕೂಲರ್‌ಗೆ ತಲುಪಬೇಕಾದ ತಣ್ಣನೆ ಗಾಳಿಯನ್ನು ದಾರಿಯಲ್ಲೇ ಎಳೆದು ಹೊರಹಾಕುತ್ತದೆ, ಮೇಲಿನಿಂದ ಸದ್ದು ನೇರ ಕಿವಿಗೆ ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಎರಡೇ ಮಾತು. 5060 ಟಿಐ ಹಲವು ಕಂಪನಿಗಳಿಂದ ಬರುತ್ತದೆ, ಅದರಲ್ಲಿ ಹೀಟ್‌ಸಿಂಕ್ ದಪ್ಪಗಿರುವ, ಹೊರೆ ಇಲ್ಲದಾಗ ಫ್ಯಾನ್ ಪೂರ್ತಿ ನಿಲ್ಲುವ ಮಾದರಿ ಆರಿಸಿ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇ 85ಕ್ಕೆ ಇಳಿಸಿ, ಎಡಿಟಿಂಗ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಬಿಸಿ ಇಳಿದದ್ದು ಖಂಡಿತ ಗೊತ್ತಾಗುತ್ತದೆ. ಎಸ್‌ಎಂಪಿಎಸ್ 650 ವ್ಯಾಟ್, ಗೋಲ್ಡ್ ದರ್ಜೆ, ಕಡಿಮೆ ಹೊರೆಯಲ್ಲಿ ಫ್ಯಾನ್ ನಿಲ್ಲುವಂಥದ್ದು ಇರಲಿ.

ಇಷ್ಟೆಲ್ಲ ಸರಿಯಾದ ಸಾಮಾನು ತಂದ ಮೇಲೂ ಬಹಳ ಮಂದಿ "ಆಗಾಗ ಭುಸ್ ಅನ್ನುತ್ತದೆ" ಎಂದು ಬೇಸರಪಡುತ್ತಾರೆ. ಸಾಮಾನಿನ ದೋಷವಲ್ಲ, ಬಯಾಸ್‌ನ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ನ) ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಪಟ್ಟಿ, ಹಾಗೇ ಬಿಟ್ಟದ್ದರ ಫಲ. ಈ ರೈಜನ್‌ಗಳಲ್ಲಿ ಬಿಸಿ ಹುಟ್ಟುವ ಚಿಪ್ ತೀರಾ ಚಿಕ್ಕದು. ಬ್ರೌಸರ್ ತೆರೆದರೆ ಸಾಕು, ಒಂದು ಸೆಕೆಂಡಿನಲ್ಲಿ ಹತ್ತು ಹದಿನೈದು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ. ಫ್ಯಾನ್ ಪ್ರತಿ ಜಿಗಿತಕ್ಕೂ ಓಡಿ ನಿಲ್ಲುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಹೊಂದಿಕೊಳ್ಳುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಅದನ್ನು ಸಾಫ್ಟ್‌ವೇರ್‌ನಿಂದ ತೆಗೆಯುವುದೂ ಕಷ್ಟ.

ಬಯಾಸ್‌ಗೆ ಹೋಗಿ ಪ್ರೊಸೆಸರ್ ಫ್ಯಾನ್‌ಗೆ ಈ ಅಂಕಿ ಕೊಡಿ: 65 ಡಿಗ್ರಿವರೆಗೆ ಶೇ 30, 75ಕ್ಕೆ ಶೇ 45, 85ಕ್ಕೆ ಶೇ 65, 90 ದಾಟಿದರೆ ಪೂರ್ತಿ. ಸ್ಟೆಪ್ ಅಪ್ ಅಥವಾ ಸ್ಮೂಥಿಂಗ್ ಎಂದು ಬರೆದಿರುವ ಕಡೆ ಇರುವಷ್ಟು ಹೆಚ್ಚು ಸಮಯ ಆರಿಸಿ. ಕ್ಯಾಬಿನೆಟ್ ಫ್ಯಾನ್‌ಗಳದ್ದು ಬೇರೆ ಸಮಸ್ಯೆ. ಬಹುತೇಕ ಬಯಾಸ್‌ಗಳಿಗೆ ಗ್ರಾಫಿಕ್ಸ್ ಕಾರ್ಡಿನ ಬಿಸಿ ತಿಳಿಯುವುದಿಲ್ಲ, ಕಾರ್ಡ್ ಕಾಯುತ್ತಿದ್ದರೂ ಅವು ಮಲಗಿರುತ್ತವೆ, ಪ್ರೊಸೆಸರ್ ಒಂದು ಕ್ಷಣ ಜಿಗಿದರೆ ಎದ್ದು ಓಡುತ್ತವೆ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಎರಡರ ಪೈಕಿ ಯಾವುದು ಹೆಚ್ಚು ಬಿಸಿಯೋ ಅದನ್ನು ಅನುಸರಿಸುವಂತೆ ಮಾಡಬಹುದು.

ಅದೇ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಕೆಲಸ ತಪ್ಪದೆ ಮಾಡಿ. ರಾತ್ರಿ ಕಿಟಕಿ ಮುಚ್ಚಿ, ಒಂದು ಫ್ಯಾನನ್ನು ಶೇ 20ರಿಂದ ಶುರುಮಾಡಿ ಐದೈದರಂತೆ ಏರಿಸುತ್ತಾ ಹೋಗಿ, ಪ್ರತಿ ಹಂತದಲ್ಲೂ ಒಂದು ನಿಮಿಷ ನಿಮ್ಮ ಕುರ್ಚಿಯಲ್ಲೇ ಕೂತು ಕೇಳಿ. ಯಾವುದೋ ಒಂದು ವೇಗದಲ್ಲಿ ಮಾತ್ರ ಊಂ ಎಂಬ ದಪ್ಪ ಗುಂಯ್ ಹುಟ್ಟಿ, ಅದನ್ನು ದಾಟಿದರೆ ಮಾಯವಾಗುತ್ತದೆ. ಆರ್ಕ್‌ಟಿಕ್ ಪಿ ಸರಣಿಯಲ್ಲಿ ಸಾವಿರ ಸುತ್ತಿನ ಅಕ್ಕಪಕ್ಕ ಇದು ಅನೇಕರಿಗೆ ಕೇಳಿಸುತ್ತದೆ. ಆ ವೇಗವನ್ನು ಗುರುತು ಹಾಕಿಕೊಂಡು, ಫ್ಯಾನ್ ಅಲ್ಲಿ ನಿಲ್ಲದೆ ಹಾರಿಹೋಗುವಂತೆ ಕರ್ವ್ ಬರೆಯಿರಿ. ಫ್ಯಾನ್ ಯಾವ ಅಂಕಿಗೂ ಬಗ್ಗದೆ ಸದಾ ಪೂರ್ತಿ ವೇಗದಲ್ಲಿ ಓಡಿದರೆ ಅದು ಮೂರು ಪಿನ್ನಿನದು, ಬಯಾಸ್ ನಾಲ್ಕು ಪಿನ್ನಿನ ಫ್ಯಾನ್‌ಗಳಿಗಿರುವ ಪಿಡಬ್ಲ್ಯೂಎಂ ಸ್ಥಿತಿಯಲ್ಲಿದೆ ಎಂದರ್ಥ. ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಡಿಸಿ ಸ್ಥಿತಿಗೆ ಬದಲಿಸಿ, ತಗ್ಗುತ್ತದೆ.

ಶೀತದ ಪ್ರಶ್ನೆಗೆ ಬರೋಣ. ಓಡುತ್ತಿರುವ ಕಂಪ್ಯೂಟರಿನ ಒಳಭಾಗ ಕೋಣೆಗಿಂತ ಬಿಸಿ, ಬಿಸಿ ಮೇಲ್ಮೈಯಲ್ಲಿ ನೀರು ಕಟ್ಟುವುದಿಲ್ಲ. ಜುಲೈ ತಿಂಗಳ ಗಾಳಿಯನ್ನು ಫ್ಯಾನ್ ಒಳಗೆಳೆದುಕೊಂಡರೂ ಓಡುವ ಯಂತ್ರಕ್ಕೆ ಹಾನಿಯಿಲ್ಲ. ಹಾನಿ ಆಗುವುದು ವಾರಗಟ್ಟಲೆ ಆಫ್ ಆಗಿ ಕೂತ ಯಂತ್ರಕ್ಕೆ, ಅದರಲ್ಲೂ ಪ್ಲಾಸ್ಟಿಕ್ ಕವರ್ ಹೊದಿಸಿಟ್ಟದ್ದಕ್ಕೆ. ಒಳಗಿನ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಕೆಲಸವಿರಲಿ ಬಿಡಲಿ ದಿನಕ್ಕೊಂದು ಗಂಟೆ ಆನ್ ಮಾಡಿ. ಹೊದಿಸಲೇಬೇಕಾದರೆ ಹತ್ತಿ ಬಟ್ಟೆ ಹೊದಿಸಿ, ಅದೂ ಯಂತ್ರ ಆರಿದ ಮೇಲೆ. ಕ್ಯಾಬಿನೆಟ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದರಿಂದ ಪ್ರಯೋಜನವಿಲ್ಲ, ಜಾಲರಿಯಿರುವ ಪೆಟ್ಟಿಗೆಯಲ್ಲಿ ಅದು ಕೋಣೆಯ ತೇವವನ್ನೆಲ್ಲ ಹೀರಲು ಹೊರಟಂತೆ.

ನಮ್ಮ ಕಡೆ ಶೀತಕ್ಕಿಂತ ದೊಡ್ಡ ಶತ್ರು ತೇವ ಕುಡಿದ ದೂಳು. ಕಾಫಿ ಕಣದ ಪಕ್ಕದ ಮನೆಯಾದರೆ ಡಿಸೆಂಬರಿನಿಂದ ಸಿಪ್ಪೆಯ ಪುಡಿ ಹಾರಿ ಬರುತ್ತದೆ, ಬಚ್ಚಲ ಒಲೆಯ ಹೊಗೆ ಬರುವ ಮನೆಯಲ್ಲಿ ಸಣ್ಣ ಮಸಿ ಫಿಲ್ಟರನ್ನೂ ದಾಟಿ ಹೀಟ್‌ಸಿಂಕ್‌ನ ಎಲೆಗಳಿಗೆ ಅಂಟುತ್ತದೆ. ಜೂನ್‌ನಲ್ಲಿ ತೇವ ಸೇರಿದಾಗ ಅದು ಪದರ ಕಟ್ಟುತ್ತದೆ, ಆಮೇಲೆ ಊದಿದರೆ ಹೋಗುವುದಿಲ್ಲ. ಆದ್ದರಿಂದ ಒಳಗಿನ ದೊಡ್ಡ ಸ್ವಚ್ಛತೆ ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಮುಗಿಯಲಿ. ಮೆತ್ತನೆ ಬ್ರಶ್, ಕೈಯಲ್ಲಿ ಹಿಡಿಯುವ ಬ್ಲೋಯರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಹಾಳಾದ ಬೇರಿಂಗ್‌ನ ಗರಗರ ಯಾವ ಕರ್ವ್‌ನಿಂದಲೂ ಹೋಗದು. ಜಾಲರಿಯನ್ನು ತಿಂಗಳಿಗೊಮ್ಮೆ ಒರೆಸಿ, ತೊಳೆದರೆ ಪೂರ್ತಿ ಒಣಗಿದ ಮೇಲೇ ಹಾಕಿ. ಹಿಂದೆ ಬಳಸದೆ ಉಳಿದ ತೂತುಗಳಿಗೆ, ಸ್ಲಾಟ್ ಪಟ್ಟಿಗಳಿಗೆ ಮುಚ್ಚಳ ಇರಲಿ. ಬೆಚ್ಚನೆ ಜಾಗ ಹುಡುಕಿ ಇರುವೆ, ಹಲ್ಲಿ ನುಗ್ಗುವುದು ಅಲ್ಲಿಂದಲೇ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುವ ಸಂಜೆ ಕ್ಯಾಬಿನೆಟ್‌ನ ಬಣ್ಣದ ದೀಪ ಆರಿಸಿಡಿ.

ಇಡುವ ಜಾಗ ಹೊಸ ಕೂಲರಿನಷ್ಟೇ ಫಲ ಕೊಡುತ್ತದೆ. ಮೇಜಿನ ಮೇಲೆ, ಕಿವಿಯಿಂದ ಎರಡು ಅಡಿಯಲ್ಲಿರುವ ಯಂತ್ರವನ್ನು ನಾಲ್ಕು ಅಡಿಗೆ ಸರಿಸಿದರೆ ಸುಮಾರು 5–6 ಡೆಸಿಬೆಲ್ ತಗ್ಗುತ್ತದೆ, ಖರ್ಚು ಎರಡು ಉದ್ದನೆಯ ಕೇಬಲ್. ಗೋಡೆಯಿಂದ ಅರ್ಧ ಅಡಿ ಬಿಡಿ, ಮಳೆಗಾಲದಲ್ಲಿ ಒದ್ದೆ ಹೀರುವ ಮಣ್ಣಿನ ಗೋಡೆಗೆ ತಾಗಿಸಲೇಬೇಡಿ. ನೆಲಕ್ಕೆ ನೇರ ಇಡದೆ ಗೇಣುದ್ದದ ಸ್ಟ್ಯಾಂಡ್ ಮೇಲೆ ಇಡಿ, ನೆಲ ಒರೆಸುವ ನೀರೂ ತಾಗದು, ದೂಳೂ ಕಡಿಮೆ. ಸ್ಟ್ಯಾಂಡ್ ಹಲಗೆಯದಾದರೆ ಕಾಲಡಿಗೆ ದಪ್ಪ ರಬ್ಬರ್ ಕೊಡಿ. ಮೈಕ್ ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂದಿನ ಸದ್ದು ಹಿಡಿಯುವಂಥದ್ದು) ಆಗಿದ್ದರೆ ಅದರ ಬೆನ್ನು ಕಂಪ್ಯೂಟರಿನ ಕಡೆಗಿರಲಿ, ಆ ಮೈಕ್‌ಗಳಿಗೆ ಬೆನ್ನ ಹಿಂದಿನ ಸದ್ದು ಕಡಿಮೆ ಕೇಳಿಸುತ್ತದೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಜೋಡಿಸಿ ತರುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಮುಕ್ಕಾಲು ಕೆಜಿ ತೂಗುವ ಕೂಲರ್ ನಿಲ್ಲಿಸಿದ ಕ್ಯಾಬಿನೆಟ್‌ನಲ್ಲಿ ಬೋರ್ಡಿನಿಂದ ಅಡ್ಡಕ್ಕೆ ಚಾಚಿಕೊಂಡಿರುತ್ತದೆ. ಹಾಸನ, ಬೇಲೂರು ದಾಟಿ ಬರುವಷ್ಟರಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಪ್ರತಿ ಹಂಪ್‌ಗೂ ಸಾಕೆಟ್ ಮೇಲೆ ಜಗ್ಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಸಿ ಅದರ ಡಬ್ಬಕ್ಕೇ ಹಾಕಿಸಿ. ಕೂಲರ್ ಬಿಚ್ಚಲಾಗದಿದ್ದರೆ ಕ್ಯಾಬಿನೆಟ್ ಮಲಗಿಸಿ, ಬೋರ್ಡ್ ಕೆಳಗೆ ಕೂಲರ್ ಮೇಲೆ ಬರುವಂತೆ ಕಾರಿನ ಹಿಂದಿನ ಸೀಟಿನಲ್ಲಿ ತನ್ನಿ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ ಹೀಗಿರಲಿ. ಫೋನಿನ ಡೆಸಿಬೆಲ್ ಆ್ಯಪ್ ನಂಬಬೇಡಿ, ಇಷ್ಟು ಸಣ್ಣ ಸದ್ದು ಅಳೆಯಲು ಅದು ಸಾಲದು. ನಿಮ್ಮದೇ ಮೈಕ್‌ನಲ್ಲಿ, ನೀವು ಓದುವ ಮಟ್ಟಕ್ಕೇ ಗೇನ್ (ಮೈಕ್‌ನ ಸದ್ದು ಹಿಗ್ಗಿಸುವ ಪ್ರಮಾಣ) ಇಟ್ಟು, ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಮಟ್ಟ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿದ್ದರೆ ಆಡಿಯೊಬುಕ್ ಮಟ್ಟಕ್ಕೂ ಸಾಕು. ಈ ಪರೀಕ್ಷೆಗೆ ಮಳೆ ಇಲ್ಲದ ರಾತ್ರಿಯೇ ಆಗಬೇಕು, ಹೆಂಚಿನ ಮೇಲೆ ಮಳೆ ಬೀಳುವಾಗ ಯಾವ ಕಂಪ್ಯೂಟರೂ ಕೇಳಿಸುವುದಿಲ್ಲ. ಮಟ್ಟ ಇಳಿಯದಿದ್ದರೆ ಸ್ಪೆಕ್ಟ್ರಮ್, ಅಂದರೆ ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ, ನೋಡಿ. 100 ಹರ್ಟ್ಸ್ ಬಳಿ ಮೊನೆ ಎದ್ದಿದ್ದರೆ ಸ್ಟೆಬಿಲೈಸರ್ ಅಥವಾ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್, ಅದನ್ನು ಮೇಜಿನಿಂದ ಬೇರೆ ಕಡೆ ಇಡಿ. 120ರ ಬಳಿ ಇದ್ದರೆ 7,200 ಸುತ್ತಿನ ಹಾರ್ಡ್‌ಡಿಸ್ಕ್, ಹಳೇ ಡಿಸ್ಕನ್ನು ಹೊರಗಿನ ಪೆಟ್ಟಿಗೆಗೆ ಹಾಕಿ ರೆಕಾರ್ಡ್ ಮಾಡುವಾಗ ಕಿತ್ತಿಡಿ. ಹತ್ತು ಸಾವಿರ ಹರ್ಟ್ಸ್‌ನ ಅಕ್ಕಪಕ್ಕದ ಸಣ್ಣ ಕೀರಲು ಕಾರ್ಡ್ ಅಥವಾ ಎಸ್‌ಎಂಪಿಎಸ್‌ನ ಕಾಯಿಲ್‌ನದು, ಎಕ್ಸ್‌ಚೇಂಜ್ ಅವಧಿ ಮುಗಿಯುವ ಮೊದಲೇ ಪತ್ತೆಹಚ್ಚಿ ಅಂಗಡಿಗೆ ಮರಳಿಸಿ. ಎಲ್ಲೂ ಮೊನೆಯಿಲ್ಲದೆ ಅಗಲಕ್ಕೆ ಹರಡಿದ ಸುಯ್ ಮಾತ್ರ ಇದ್ದರೆ ಅದು ಗಾಳಿಯ ಸದ್ದು. ಫ್ಯಾನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ, ಯಾವುದು ನಿಂತಾಗ ಸುಯ್ ಇಳಿಯಿತೋ ಅದರ ಕೆಳ ಮಿತಿಯನ್ನು ಇನ್ನೈದು ಅಂಕ ತಗ್ಗಿಸಿ.